ಅಡಿಕೆ ಅಂಗಡಿಯಲ್ಲಿ ಕೇಳಿದ ಭಾಷೆ

ವರ್ಷಕ್ಕೆ ಮೂರೋ ನಾಲ್ಕೋ ಬಾರಿ ಅಪ್ಪ ಅಡಿಕೆ ಮಾರಲು ಪುತ್ತೂರು ಪೇಟೆಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ನಮ್ಮ ಊರು ಪೇಟೆಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಒಳಗೆ. ಜೀಪಿನ ಹಿಂಬದಿಯಲ್ಲಿ ಗೋಣಿಗಳ ಮೇಲೆ ಕುಳಿತು ಹೋಗುವುದೇ ನನಗೆ ದೊಡ್ಡ ಸಂಭ್ರಮ. ನಾವು ಅಡಿಕೆ ಕೊಡುತ್ತಿದ್ದ ಅಂಗಡಿಯ ಮಾಲಿಕರು ಬ್ಯಾರಿ ಸಮುದಾಯದ, ಅಂದರೆ ಕರಾವಳಿಯ ಮುಸ್ಲಿಂ ಸಮುದಾಯದ, ಹಿರಿಯರು. ನಮ್ಮ ಮನೆಯವರೆಲ್ಲ ಅವರನ್ನು ಕಾಕ ಎಂದೇ ಕರೆಯುತ್ತಿದ್ದರು. ಅವರು ಗೋಣಿಯ ಬಾಯಿ ಬಿಚ್ಚಿ, ಕೈಯನ್ನು ಮೊಣಕೈವರೆಗೂ ಒಳಗೆ ಇಳಿಸಿ, ತಳದಿಂದ ಒಂದು ಹಿಡಿ ಅಡಿಕೆ ಎತ್ತಿ, ಒಂದೆರಡನ್ನು ಅಡಕತ್ತರಿಯಲ್ಲಿ ಸೀಳಿ ಒಳಗಿನ ಬಣ್ಣವನ್ನು ನೋಡುತ್ತಿದ್ದರು. ಒಣಗಿಸಿ ಸುಲಿದ ಒಳ್ಳೆಯ ಚಾಲಿ ಎಷ್ಟು, ಕೆಳದರ್ಜೆಯ ಪಟೋರ ಎಷ್ಟು, ಕರಿಗೋಟು ಎಷ್ಟು ಎಂಬ ಅಂದಾಜು ಅಷ್ಟರಲ್ಲೇ ಅವರಿಗೆ ಸಿಕ್ಕಿಬಿಡುತ್ತಿತ್ತು.

ಆ ಹೊತ್ತಿನಲ್ಲೇ ಅವರ ಬಾಯಿಂದ ಭಾಷೆಗಳು ಒಂದರ ಹಿಂದೊಂದು ಬರುತ್ತಿದ್ದವು. ಅಪ್ಪನೊಡನೆ ತುಳು. ಬೆಂಚಿನ ಮೇಲೆ ಸರದಿಗಾಗಿ ಕಾಯುತ್ತಿದ್ದ ಹವ್ಯಕ ಕೃಷಿಕರೊಡನೆ ಕನ್ನಡ, ಅದೂ ಅವರ ಮನೆಮಾತಿನ ಧಾಟಿಯನ್ನು ಸ್ವಲ್ಪ ಹಿಡಿದ ಕನ್ನಡ. ಎದುರಿನ ಬಟ್ಟೆ ಅಂಗಡಿಯವರು ಚಿಲ್ಲರೆಗೆಂದು ಬಂದರೆ ಕೊಂಕಣಿ. ಕಾಸರಗೋಡಿನ ಕಡೆಯ ಲಾರಿ ಬಂದರೆ ಚಾಲಕನೊಡನೆ ಮಲಯಾಳ. ಗುಜರಾತಿನ ಖರೀದಿದಾರರ ಟ್ರಂಕ್ ಕಾಲ್ ಬಂದರೆ ಎತ್ತರದ ದನಿಯಲ್ಲಿ ಹಿಂದಿ. ಇವೆಲ್ಲ ಮುಗಿದು, ಅಪ್ಪನಿಗೆ ಧಾರಣೆ ಹೇಳುವ ಮುನ್ನ ಅವರು ತಕ್ಕಡಿಯ ಬಳಿ ನಿಂತಿರುತ್ತಿದ್ದ ಮಗನ ಕಡೆ ತಿರುಗಿ ಬ್ಯಾರಿ ಭಾಷೆಯಲ್ಲಿ ಎರಡು ಮಾತು ಆಡುತ್ತಿದ್ದರು. ಆ ಎರಡು ಮಾತು ಅಲ್ಲಿದ್ದ ನಮ್ಮಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಹಿಂದಿರುಗುವಾಗ ಜೀಪಿನಲ್ಲಿ ಯಾರಾದರೊಬ್ಬರು, ‘ಒಳಗೆ ಅವರು ಏನು ಮಾತಾಡಿಕೊಂಡರೋ’ ಎನ್ನದೆ ಇರುತ್ತಿರಲಿಲ್ಲ. ಅಪ್ಪ ಅದಕ್ಕೆ ದನಿಗೂಡಿಸುತ್ತಿರಲಿಲ್ಲ, ಬೇಡ ಎಂದು ತಡೆಯುತ್ತಲೂ ಇರಲಿಲ್ಲ. ಆ ಸಂಶಯ ನನ್ನಲ್ಲಿಯೂ ಬೇರುಬಿಟ್ಟಿತ್ತು.

ಈಗ ಐವತ್ತೇಳರ ವಯಸ್ಸಿನಲ್ಲಿ ಅದೇ ದೃಶ್ಯವನ್ನು ನೆನೆಯುವಾಗ ನನಗೆ ಎದ್ದು ಕಾಣುವುದು ಬೇರೆಯೇ ಒಂದು ಸಂಗತಿ. ಆ ಅಂಗಡಿಗೆ ಬರುವ ಎಲ್ಲರ ಮಾತನ್ನೂ ಕಾಕ ಕಲಿತಿದ್ದರು. ಅವರ ಮಾತನ್ನು ನಾವು ಒಬ್ಬರೂ ಕಲಿತಿರಲಿಲ್ಲ. ಕಲಿಯಬೇಕೆಂದು ನಮಗೆ ಅನ್ನಿಸಿರಲೂ ಇಲ್ಲ. ನಮಗೆ ಅರ್ಥವಾಗದೆ ಹೋದದ್ದಕ್ಕೆ ನಾವು ಅವರನ್ನು ಸಂಶಯಿಸಿದೆವು.

ದಕ್ಷಿಣ ಕನ್ನಡದವರಿಗೆ ತಮ್ಮ ಬಹುಭಾಷಿಕತೆಯ ಬಗ್ಗೆ ಒಂದು ಹೆಮ್ಮೆಯಿದೆ, ಅದು ನನಗೂ ಇದೆ. ಒಂದೇ ಊರನ್ನು ಕನ್ನಡದಲ್ಲಿ ಮಂಗಳೂರು, ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಳ್, ಬ್ಯಾರಿಯಲ್ಲಿ ಮೈಕಾಲ, ಮಲಯಾಳದಲ್ಲಿ ಮಂಗಲಾಪುರಂ ಎಂದು ಕರೆಯುವ ಜನ ಒಂದೇ ಬಸ್ಸಿನಲ್ಲಿ ಕುಳಿತು ಆ ಊರಿಗೆ ಹೋಗುತ್ತಾರೆ. ಮೀನಿನ ಮಾರುಕಟ್ಟೆಯಲ್ಲಿ ಬೂತಾಯಿ ಎಂದರೂ ತಾರ್ಲೊ ಎಂದರೂ ಮತ್ತಿ ಎಂದರೂ ಬುಟ್ಟಿಯಿಂದ ಬರುವುದು ಅದೇ ಮೀನು. ಆದರೆ ಈ ಹೆಮ್ಮೆಯೊಳಗೆ ಒಂದು ಲೆಕ್ಕ ಅಡಗಿದೆ, ಅದನ್ನು ಬಿಡಿಸಿ ನೋಡಲು ನನಗೆ ಬಹಳ ವರ್ಷ ಬೇಕಾಯಿತು. ನಾನು ಪ್ರಯತ್ನಪಟ್ಟು, ಪುಸ್ತಕ ಹಿಡಿದು, ಪೆಟ್ಟು ತಿಂದು ಕಲಿತ ಭಾಷೆಗಳೆಂದರೆ ಕನ್ನಡ, ಇಂಗ್ಲಿಷು ಮತ್ತು ಹಿಂದಿ. ಈ ಮೂರೂ ಕಲಿತರೆ ಅಂಕ, ನೌಕರಿ, ಮರ್ಯಾದೆ ಸಿಗುವ ಭಾಷೆಗಳು. ಕೊಂಕಣಿ ನೆರೆಮನೆಯಿಂದ ಕಿವಿಗೆ ಬಿದ್ದಷ್ಟು ಬಂತು. ಇವತ್ತಿಗೂ ಅರ್ಥವಾಗುತ್ತದೆ, ಆಡಲು ಹೋದರೆ ತಡವರಿಸುತ್ತೇನೆ. ಬ್ಯಾರಿ ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ. ಅಂದರೆ ಮೇಲಿನ ಮೆಟ್ಟಿಲಿನ ಭಾಷೆಗಳಿಗೆ ನಾನು ಬೆವರು ಸುರಿಸಿದೆ, ಪಕ್ಕದವರ ಭಾಷೆಯನ್ನು ಅದಾಗಿ ಬಂದಷ್ಟಕ್ಕೆ ಬಿಟ್ಟೆ.

ಕನ್ನಡವನ್ನು ಹೀಗೆ ಲೆಕ್ಕದ ಮಾತಿನಲ್ಲಿ ಹೇಳಿದ್ದಕ್ಕೆ ಯಾರಿಗೂ ಬೇಸರವಾಗಬಾರದು. ನಾನು ಯೋಚಿಸುವುದು, ಬರೆಯುವುದು, ಲೆಕ್ಕ ಹಾಕುವುದು ಎಲ್ಲವೂ ಕನ್ನಡದಲ್ಲಿ. ಮನೆಯಲ್ಲಿ ಬೇರೆ ಮಾತಿದ್ದವರು ಕನ್ನಡಕ್ಕೆ ಪರಕೀಯರೆಂದು ನಮ್ಮಲ್ಲಿ ಯಾರೂ ಭಾವಿಸಿದ್ದಿಲ್ಲ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಬೇಂದ್ರೆಯವರದು ಮರಾಠಿ, ಮಾಸ್ತಿಯವರದು ತಮಿಳು. 1949ರಲ್ಲಿ ಮದ್ರಾಸ್ ಸರ್ಕಾರ ರಾಷ್ಟ್ರಕವಿ ಎಂದು ಗೌರವಿಸಿದ್ದು ಮನೆಯಲ್ಲಿ ಕನ್ನಡ ಮಾತನಾಡದ ಗೋವಿಂದ ಪೈಗಳನ್ನು. ತುಳುವರ ಮನೆಗಳಲ್ಲಿಯೂ ಕಾಗದ ಬರೆಯುತ್ತಿದ್ದುದು ಕನ್ನಡದಲ್ಲಿಯೇ. ಬಾಯಲ್ಲಿ ತುಳು, ಕೈಯಲ್ಲಿ ಕನ್ನಡ ಎಂಬುದು ನಮಗೆ ಉಸಿರಾಟದಷ್ಟು ಸಹಜವಾಗಿತ್ತು.

ಆ ಕಾಗದಗಳಿಂದಲೇ ನಾನು ಭಾಷೆಗಳ ಬಗ್ಗೆ ಮೊದಲ ಪಾಠ ಕಲಿತೆ. ಒಮ್ಮೆ ದೊಡ್ಡಮಾವನಿಂದ ಕಾಗದ ಬಂತು. ‘ಮುಂದಿನ ವಾರ ನಾವು ಧರ್ಮಸ್ಥಳಕ್ಕೆ ಹೋಗುವುದು ಎಂದು ನಿಶ್ಚಯಿಸಿದೆ’ ಎಂದು ಅದರಲ್ಲಿತ್ತು. ನಾನು ಓದಿ ಹೇಳಿದೆ. ಅಮ್ಮ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕೇಳಿದರು: ‘ಪೋಪುನಿ ನಮನಾ, ಅಕುಲಾ?’ ಹೋಗುವುದು ನಾವೆಲ್ಲರೋ, ಅಥವಾ ಅವರ ಮನೆಯವರು ಮಾತ್ರವೋ? ಕಾಗದದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ತುಳುವಿನಲ್ಲಿ ಕೇಳುವವರನ್ನೂ ಸೇರಿಸಿಕೊಂಡು ಹೇಳುವಾಗ ‘ನಮ’, ಅವರನ್ನು ಬಿಟ್ಟು ಹೇಳುವಾಗ ‘ಎಂಕುಲು’. ಮಾವ ತುಳುವಿನಲ್ಲಿ ಹೇಳಿದ್ದರೆ ಎರಡರಲ್ಲಿ ಒಂದನ್ನು ಆರಿಸದೆ ಅವರಿಗೆ ವಾಕ್ಯವನ್ನು ಮುಗಿಸಲು ಸಾಧ್ಯವೇ ಇರಲಿಲ್ಲ. ಕನ್ನಡದಲ್ಲಿ ಬರೆದದ್ದರಿಂದ ‘ನಾವು’ ಎಂಬ ಒಂದೇ ಪದ ಎರಡೂ ಕೆಲಸ ಮಾಡಿತು, ಅಮ್ಮನಿಗೆ ಮಾತ್ರ ಚೀಲ ತುಂಬಬೇಕೋ ಬೇಡವೋ ತಿಳಿಯಲಿಲ್ಲ. ಮುಂದೆ ನನಗೆ ಗೊತ್ತಾದದ್ದು, ಈ ಭೇದ ತಮಿಳಿನಲ್ಲಿದೆ, ತೆಲುಗಿನಲ್ಲಿದೆ, ಮಲಯಾಳದಲ್ಲಿದೆ. ನಮ್ಮ ಕಡೆಯ ಹವ್ಯಕರ ಕನ್ನಡದಲ್ಲಿಯೂ ‘ನಾವು’ ಬೇರೆ, ‘ಎಂಗೊ’ ಬೇರೆ. ಶಾಲೆಯಲ್ಲಿ ನಾನು ಕಲಿತ ಕನ್ನಡದಲ್ಲಿ ಮಾತ್ರ ಅದಿರಲಿಲ್ಲ. ಕನ್ನಡದಲ್ಲಿ ಬರೆಯುತ್ತ ‘ನಾವು’ ಎಂಬ ಪದ ಬಂದಾಗಲೆಲ್ಲ ನಾನು ಈಗಲೂ ಅರೆಕ್ಷಣ ನಿಲ್ಲುತ್ತೇನೆ: ಓದುವವರು ಇದರೊಳಗೆ ಇದ್ದಾರೋ, ಹೊರಗೋ?

ಮಲಯಾಳ ಕಲಿಯಬೇಕಾಗಿ ಬಂದದ್ದು ಬ್ಯಾಂಕಿನ ವರ್ಗಾವಣೆಯಿಂದ. ಚಂದ್ರಗಿರಿ ಹೊಳೆಯ ಉತ್ತರಕ್ಕೆ, ಅಂದರೆ ಕಾಸರಗೋಡಿನಿಂದ ಈಚೆಗೆ, ತುಳು ಕನ್ನಡಗಳಲ್ಲಿ ಹೇಗೋ ನಡೆದುಹೋಗುತ್ತದೆ. ಹೊಳೆ ದಾಟಿ ಕಾಞಂಗಾಡಿಗೆ ಹೋದರೆ ಹಾಗಲ್ಲ. ಆ ಊರಿನ ಕೋಟೆಯ ಹೆಸರು ಹೊಸದುರ್ಗ, ಅದನ್ನು ಕಟ್ಟಿಸಿದವರು ಕೆಳದಿಯ ನಾಯಕರು, ಆದರೆ ನನ್ನ ಕೌಂಟರಿನ ಮುಂದೆ ನಿಂತವರಿಗೆ ಅದರಿಂದ ಏನೂ ಆಗಬೇಕಾಗಿರಲಿಲ್ಲ. ಅವರಿಗೆ ಪಿಂಚಣಿ ಬೇಕಾಗಿತ್ತು. ಮೊದಲ ವಾರ ಸಹೋದ್ಯೋಗಿಯೊಬ್ಬರು ನನ್ನ ಮುಂದೆಯೇ ಗ್ರಾಹಕರೊಬ್ಬರನ್ನು ‘ಪೇರ್ ಎಂದಾಣ್’ ಎಂದು ಕೇಳಿದಾಗ ನನ್ನ ತುಳು ಕಿವಿಗೆ ಕೇಳಿಸಿದ್ದು ಹಾಲಿನ ಮಾತು. ನಮಗೆ ಪೇರ್ ಎಂದರೆ ಹಾಲು, ಅವರಿಗೆ ಹೆಸರು. ನಮ್ಮ ಹೆಸರಿಗೆ ಪುದರ್ ಎನ್ನುತ್ತೇವೆ. ಸಹಿಗೆ ಅವರು ‘ಒಪ್ಪ್’ ಎನ್ನುವುದನ್ನು ಕೇಳಿ ಮಾತ್ರ ಮನಸ್ಸು ಅರಳಿತು. ಸಾಲದ ಪತ್ರದ ಕೆಳಗೆ ಹಾಕುವ ಗುರುತಿಗೆ ಒಪ್ಪಿಗೆಯ ಪದವನ್ನೇ ಇಟ್ಟುಕೊಂಡವರು ನನಗೆ ತೀರ ಹತ್ತಿರದವರಾಗಿ ಕಂಡರು.

ಹತ್ತಿರದ ಭಾಷೆಯೇ ಹೆಚ್ಚು ಮೋಸಹೋಗುವಂತೆ ಮಾಡುತ್ತದೆ ಎಂಬುದು ತಿಳಿದದ್ದು ಒಂದು ತಪ್ಪಿನಿಂದ. ವಯಸ್ಸಾದ ಗ್ರಾಹಕರೊಬ್ಬರು ಶುಕ್ರವಾರ ಬಂದು ತಮ್ಮ ಹೊಸ ಪಾಸ್‌ಬುಕ್ ಸಿದ್ಧವಾಗಿಲ್ಲವೆಂದು ತಿಳಿದು, ‘ತಿಂಗಳಾಳ್ಚ ವರಾಂ’ ಎಂದು ಹೇಳಿ ಹೋದರು. ತಿಂಗಳು ಎಂಬುದಷ್ಟೇ ನನ್ನ ಕಿವಿಗೆ ಬಿತ್ತು. ಮುಂದಿನ ತಿಂಗಳು ಬರುತ್ತಾರೆಂದುಕೊಂಡು ಅವರ ಅರ್ಜಿಯನ್ನು ಕಡತದ ತಳಕ್ಕೆ ಸೇರಿಸಿದೆ. ಸೋಮವಾರ ಬೆಳಿಗ್ಗೆ ಅವರು ಎರಡು ಬಸ್ಸು ಬದಲಿಸಿ ಬಂದು ನಿಂತಿದ್ದರು. ಮಲಯಾಳದಲ್ಲಿ ತಿಂಗಳಾಳ್ಚ ಎಂದರೆ ಸೋಮವಾರ. ಚಂದ್ರನ ಹೆಸರನ್ನು ನಾವು ಮಾಸಕ್ಕೆ ಕೊಟ್ಟೆವು, ಅವರು ವಾರಕ್ಕೆ ಕೊಟ್ಟರು. ಅವರು ಸಿಟ್ಟಾಗಲಿಲ್ಲ, ನನ್ನ ಮೇಜಿನ ಕ್ಯಾಲೆಂಡರನ್ನು ತಮ್ಮ ಕಡೆ ತಿರುಗಿಸಿಕೊಂಡು, ಭಾನುವಾರದಿಂದ ಶುರುಮಾಡಿ ಒಂದೊಂದೇ ವಾರದ ಹೆಸರನ್ನು ಬೆರಳಿಟ್ಟು ಹೇಳಿಕೊಟ್ಟರು. ಅವರ ಆ ಬೆರಳು, ಉಗುರಿನ ಅಂಚಿನಲ್ಲಿ ಹಿಡಿದಿದ್ದ ತೆಂಗಿನ ನಾರಿನ ಕಂದು ಕಲೆ, ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆಮೇಲೆ ನಾನು ಕಲಿಯಲು ಕುಳಿತೆ. ಸಂಜೆ ಬಾಡಿಗೆ ಕೋಣೆಯಲ್ಲಿ ಒಂದನೆಯ ತರಗತಿಯ ಪುಸ್ತಕ ಹಿಡಿದು ಅಕ್ಷರ ತಿದ್ದಿದೆ. ಸಮೀಪದ ಭಾಷೆಯನ್ನು ಕಲಿಯುವಾಗ ಸಿಗುವ ಸುಖವೇ ಬೇರೆ. ಇಂಗ್ಲಿಷು ಕಲಿಯುವಾಗ ಪ್ರತಿ ಪದವನ್ನೂ ಹೊರಗಿನಿಂದ ಹೊತ್ತು ತರಬೇಕಾಗಿತ್ತು. ಇಲ್ಲಿ ಮನೆಯೊಳಗೇ ಇದ್ದ, ಬೀಗ ಹಾಕಿದ್ದ ಕೋಣೆಯೊಂದನ್ನು ತೆರೆದ ಹಾಗೆ. ಅವರ ಪಾಲ್ ನಮ್ಮ ಹಾಲು, ಅವರ ಪಲ್ಲ್ ನಮ್ಮ ಹಲ್ಲು, ಅವರ ಪುಲಿ ನಮ್ಮ ಹುಲಿ, ತುಳುವಿನಲ್ಲಿ ಅದೇ ಪಿಲಿ. ಕನ್ನಡದ ಕಿವಿ ತುಳುವಿನಲ್ಲಿ ಕೆಬಿ, ಮಲಯಾಳದಲ್ಲಿ ಚೆವಿ. ಹೀಗೆ ಒಂದು ಪದವನ್ನು ಹಿಡಿದರೆ ಮೂರು ಮನೆಯ ಬಾಗಿಲುಗಳು ತೆರೆಯುತ್ತಿದ್ದವು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿದ ಕಿಟ್ಟೆಲ್ಲರ ನಿಘಂಟಿನಲ್ಲಿ ಕನ್ನಡ ಪದದ ಜೊತೆಗೆ ತುಳು, ತಮಿಳು, ಮಲಯಾಳ, ತೆಲುಗುಗಳ ಬಂಧುಪದಗಳನ್ನೂ ಕೊಟ್ಟಿರುವುದು ಏಕೆ ಎಂಬುದು ನನಗೆ ಆಗ ಮನದಟ್ಟಾಯಿತು. ಜರ್ಮನಿಯಿಂದ ಬಂದವರಿಗೆ ಕಂಡ ನೆಂಟಸ್ತಿಕೆ, ಒಂದೇ ಜಗಲಿಯಲ್ಲಿ ಕುಳಿತ ನಮಗೆ ಕಂಡಿರಲಿಲ್ಲ. ಅದೇ ಮಿಷನ್ನಿನವರಾದ ಬ್ರಿಗೆಲ್ 1872ರಲ್ಲಿ ತುಳುವಿನ ವ್ಯಾಕರಣವನ್ನು, ಮ್ಯಾನರ್ 1886ರಲ್ಲಿ ತುಳು ನಿಘಂಟನ್ನು ಹೊರತಂದರು. ನನ್ನ ಮನೆಮಾತಿಗೆ ವ್ಯಾಕರಣವಿದೆಯೆಂಬುದೇ ಮೂವತ್ತು ದಾಟುವವರೆಗೆ ನನಗೆ ತಿಳಿದಿರಲಿಲ್ಲ.

ಮಳೆಗೆ ಅವರು ಹೇಳುವ ‘ಮೞ’ ನನ್ನ ನಾಲಿಗೆಯಲ್ಲಿ ಹೊರಳಲು ತಿಂಗಳುಗಳು ಬೇಕಾದವು. ನಾನು ‘ಮಳ’ ಎಂದರೆ ಸಹೋದ್ಯೋಗಿ ಒಪ್ಪುತ್ತಿರಲಿಲ್ಲ. ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಚಿ, ಎಲ್ಲಿಯೂ ತಾಗಿಸದೆ ಬಿಡಬೇಕು ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಒಂದು ರಾತ್ರಿ ಥಟ್ಟನೆ ನೆನಪಾಯಿತು: ಇದು ನಮ್ಮದೇ ೞ. ಕಾಲೇಜಿನಲ್ಲಿ ಹಳಗನ್ನಡ ಓದುವಾಗ ಮೇಷ್ಟರು ಹಲಗೆಯ ಮೇಲೆ ಬರೆದು, ಇದನ್ನು ಈಗ ಯಾರೂ ಉಚ್ಚರಿಸುವುದಿಲ್ಲ ಎಂದು ಹೇಳಿ ಮುಂದೆ ಹೋದ ಅಕ್ಷರ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ೞ ಇರುವ ಪದಗಳನ್ನು ಬೇರೆಯಾಗಿ ಎತ್ತಿ ಹೇಳಬೇಕಾಗಿ ಬಂದದ್ದು, ಆ ಹೊತ್ತಿಗಾಗಲೇ ಕನ್ನಡಿಗರ ಬಾಯಲ್ಲಿ ಅದು ಕಲಸಿಹೋಗುತ್ತಿದ್ದುದರಿಂದಲೇ ಇರಬೇಕು. ಕನ್ನಡ ಕಳೆದುಕೊಂಡ ಆ ಧ್ವನಿಯನ್ನು ಚಂದ್ರಗಿರಿಯ ಆಚೆ ಪಿಂಚಣಿಗೆ ಬಂದ ಅಜ್ಜಿಯರು ‘ಮೋನೇ, ಭಾರೀ ಮೞ’ ಎನ್ನುತ್ತ ನನ್ನ ಕೌಂಟರಿನ ಮೇಲೆ ಇಟ್ಟು ಹೋಗುತ್ತಿದ್ದರು. ಅದನ್ನು ಕೇಳಿದ ಮೇಲೆ ಹಳಗನ್ನಡದ ಪದ್ಯಗಳನ್ನು ಓದುವಾಗ ೞ ಬಂದಲ್ಲೆಲ್ಲ ನನಗೆ ಆ ದನಿಗಳೇ ಕೇಳಿಸುತ್ತವೆ.

ಇನ್ನೊಂದು ಕಡೆ ಮಲಯಾಳ ನನ್ನನ್ನು ಬೆರಗುಗೊಳಿಸಿತು. ಕನ್ನಡದಲ್ಲಿ ಬಂದೆ, ಬಂದೆವು, ಬಂದಿರಿ, ಬಂದ, ಬಂದಳು, ಬಂತು ಎಂದು ಕ್ರಿಯಾಪದ ಯಾರು ಬಂದರೆಂದು ಹೇಳುತ್ತದೆ. ಮಲಯಾಳದಲ್ಲಿ ನಾನು ಬಂದರೂ ‘ವನ್ನು’, ಅವರು ಬಂದರೂ ‘ವನ್ನು’, ಮಳೆ ಬಂದರೂ ‘ವನ್ನು’. ಬಂದವರು ಯಾರೆಂಬ ಭೇದವನ್ನು ಆ ಕ್ರಿಯಾಪದ ಎಣಿಸುವುದೇ ಇಲ್ಲ. ತುಳು ಇದರ ಇನ್ನೊಂದು ತುದಿ: ಅಲ್ಲಿ ‘ಆರ್ ಬತ್ತೆರ್’ ಎಂದರೆ ಅವರು ಬಂದರು, ‘ಆರ್ ಬೈದೆರ್’ ಎಂದರೆ ಅವರು ಬಂದಿದ್ದಾರೆ, ಪ್ರತಿಯೊಂದಕ್ಕೂ ಬೇರೆ ರೂಪ. ಹುಟ್ಟಿದಾಗಿನಿಂದ ಆಡಿದರೂ ತುಳುವಿನ ಈ ಅಚ್ಚುಕಟ್ಟನ್ನು ನಾನು ಗಮನಿಸಿದ್ದು ಮಲಯಾಳ ಕಲಿಯುವಾಗಲೇ. ಅಕ್ಷರದ ವಿಷಯದಲ್ಲಿಯೂ ಹಾಗೆಯೇ ಆಯಿತು. ಮಲಯಾಳದ ಲಿಪಿ ಕೈಗೆ ಬಂದ ಮೇಲೆ ನಮ್ಮೂರಿನ ಅರ್ಚಕರ ಮನೆಯ ತಾಳೆಗರಿಗಳಲ್ಲಿ ಕೆಲವು ಅಕ್ಷರಗಳನ್ನು ಗುರುತಿಸುವಂತಾಯಿತು, ಏಕೆಂದರೆ ಅವುಗಳ ತಿಗಳಾರಿ ಲಿಪಿಯೂ ಮಲಯಾಳದ ಲಿಪಿಯೂ ಗ್ರಂಥಲಿಪಿಯ ಮಕ್ಕಳು. ಆ ತುಳು ತಿಗಳಾರಿ ಲಿಪಿಗೆ 2024ರಲ್ಲಿ ಯೂನಿಕೋಡಿನಲ್ಲಿ ಜಾಗ ಸಿಕ್ಕಿತೆಂದು ಓದಿದ ದಿನ ನಾನು ಆ ಅರ್ಚಕರ ಮಗನಿಗೆ ಫೋನು ಮಾಡಿ ಹೇಳಿದೆ.

ಮೂರು ವರ್ಷದ ಬಳಿಕ ಊರಿಗೆ ವರ್ಗವಾಗಿ ಬಂದೆ. ಅಪ್ಪನಿಗೆ ಆಗ ಪೇಟೆಗೆ ಓಡಾಡಲು ಆಗುತ್ತಿರಲಿಲ್ಲ, ಅಡಿಕೆಯನ್ನು ನಾನೇ ಒಯ್ದೆ. ಕಾಕ ಗಲ್ಲೆಯಲ್ಲಿ ಕುಳಿತಿದ್ದರು. ಗೋಣಿಗೆ ಕೈ ಹಾಕುವುದು ಈಗ ಮಗನ ಕೆಲಸ. ಧಾರಣೆ ಹೇಳುವ ಮುನ್ನ ಎಂದಿನಂತೆ ಅವರಿಬ್ಬರ ನಡುವೆ ಎರಡು ಮಾತು ನಡೆಯಿತು. ಬ್ಯಾರಿ ಮಲಯಾಳಕ್ಕೆ ಹತ್ತಿರದ ಭಾಷೆ, ಈ ಸಲ ನನಗೆ ಅದರ ಮುಕ್ಕಾಲು ಪಾಲು ಅರ್ಥವಾಯಿತು. ಗೋಣಿಯ ತೂಕ ಕಳೆದೆಯಾ ಎಂದು ತಂದೆ ಕೇಳಿದರು, ಕಳೆದಿದ್ದೇನೆ ಎಂದ ಮಗ, ಮನೆಯಿಂದ ಊಟ ಬಂದಿದೆ, ನೀವು ಮೊದಲು ಉಣ್ಣಿ ಎಂದರು. ಅಷ್ಟೇ. ಬಾಲ್ಯದಿಂದ ನಾನು ಕಟ್ಟಿಕೊಂಡಿದ್ದ ಸಂಶಯಕ್ಕೆ ಅಲ್ಲಿ ನಿಲ್ಲಲು ಜಾಗವಿರಲಿಲ್ಲ. ಹಿಂದೆಂದೋ ಒಂದು ದಿನ ಅವರು ಬೇರೆ ಏನನ್ನೋ ಮಾತನಾಡಿರಲೂಬಹುದು, ವ್ಯಾಪಾರಿಗಳು ತಾನೇ. ಆದರೆ ಅದನ್ನು ತಿಳಿಯಲು ಇದ್ದ ಒಂದೇ ದಾರಿಯನ್ನು ನಾವು ಹಿಡಿಯಲಿಲ್ಲ. ಆ ದಿನ ಅಂಗಡಿಯಿಂದ ಹೊರಗೆ ಬಂದಾಗ ನನಗೆ ನಾಚಿಕೆಯಾಯಿತು, ಆ ನಾಚಿಕೆ ಇನ್ನೂ ಪೂರ್ತಿಯಾಗಿ ಹೋಗಿಲ್ಲ.

ಕಾಕ ಈಗಿಲ್ಲ. 2011ರ ಜನಗಣತಿಯ ಅಂಕಿಗಳನ್ನು ಒಮ್ಮೆ ನೋಡುತ್ತಿದ್ದಾಗ ಅವರು ತುಂಬ ನೆನಪಾದರು. ದೇಶದಲ್ಲಿ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರು ಸುಮಾರು 26 ಶೇಕಡಾ, ಮೂರು ಬಲ್ಲವರು ಸುಮಾರು 7 ಶೇಕಡಾ ಎಂದು ಅದರಲ್ಲಿದೆ. ಗಣತಿಯ ನಮೂನೆಯಲ್ಲಿ ಮಾತೃಭಾಷೆಯನ್ನು ಬಿಟ್ಟು ಬೇರೆ ಎರಡು ಭಾಷೆಗಳನ್ನು ಬರೆಯಲು ಮಾತ್ರ ಅವಕಾಶವಿದೆ. ಕಾಕನ ಆರು ಭಾಷೆಗಳಲ್ಲಿ ಮೂರನ್ನು ಸರ್ಕಾರ ಎಣಿಸುವುದೇ ಇಲ್ಲ. ತುಳುವಿಗೆ ಅದೇ ಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ಸಿಗುತ್ತದೆ. ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ ಸೇರಬೇಕೆಂದು ನಾವು ತುಳುವರು ಕೇಳುತ್ತಲೇ ಇದ್ದೇವೆ, 1992ರಲ್ಲಿ ಕೊಂಕಣಿಗೆ ಸಿಕ್ಕಿದ ಸ್ಥಾನ ನಮಗೂ ಸಿಗಬೇಕೆನ್ನುವುದು ನ್ಯಾಯವೇ. ಆದರೆ ನಮ್ಮ ಭಾಷೆಯನ್ನು ಇತರರು ಗುರುತಿಸಲಿ ಎಂದು ಕೇಳುವಾಗ, ನಮ್ಮ ನಡುವೆಯೇ ಇರುವ ಚಿಕ್ಕ ಭಾಷೆಗಳನ್ನು ನಾವು ಎಷ್ಟು ಗುರುತಿಸಿದ್ದೇವೆ ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ನಮ್ಮ ಕಡೆಯ ಆದಿವಾಸಿಗಳಾದ ಕೊರಗರಿಗೆ ತಮ್ಮದೇ ಭಾಷೆಯಿದೆ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು 1971ರಲ್ಲಿಯೇ ಅದರ ಬಗ್ಗೆ ಪುಸ್ತಕ ಪ್ರಕಟಿಸಿದರು. ಆದರೂ ನಮ್ಮ ಅಂಗಳಕ್ಕೆ ಬುಟ್ಟಿ ತರುತ್ತಿದ್ದ ಕೊರಗರು ನಮ್ಮೊಡನೆ ಆಡುತ್ತಿದ್ದುದು ತುಳುವನ್ನೇ, ಅವರಿಗೆ ಬೇರೆ ಮಾತಿದೆಯೇ ಎಂದು ನಾವು ಯಾರೂ ಕೇಳಿದ್ದಿಲ್ಲ.

ಹೊಸ ಭಾಷೆ ಕಲಿಯಬೇಕೆಂಬ ಆಸೆ ನನ್ನಲ್ಲಿ ಯಾವಾಗಲೂ ಇತ್ತು. ಫ್ರೆಂಚ್ ಕಲಿಯಬೇಕೆಂದುಕೊಂಡಿದ್ದೆ, ಬಂಗಾಳಿಯ ಪುಸ್ತಕ ಕೊಂಡಿಟ್ಟಿದ್ದೆ. ಈಗ ಅವುಗಳನ್ನು ಬದಿಗಿಟ್ಟು ಬ್ಯಾರಿ ಕಲಿಯುತ್ತಿದ್ದೇನೆ. ಈ ಭಾಷೆಗೆ ಜನ ಇಟ್ಟ ಇನ್ನೊಂದು ಹೆಸರು ನಕ್ಕ್ ನಿಕ್ಕ್. ನಕ್ಕ್ ಎಂದರೆ ನನಗೆ, ನಿಕ್ಕ್ ಎಂದರೆ ನಿನಗೆ. ಮಲಯಾಳದಲ್ಲಿ ಇವು ಎನಿಕ್ಕ್, ನಿನಕ್ಕ್. ತುಳುವಿನಲ್ಲಿ ಎಂಕ್, ನಿಕ್ಕ್. ‘ನಿನಗೆ’ ಎಂಬ ಪದ ನಮ್ಮಿಬ್ಬರದೂ ಒಂದೇ ಎಂಬುದು ಗೊತ್ತಾದಾಗ ನಾನು ಅದನ್ನು ಹಾಳೆಯ ಮೇಲೆ ಬರೆದು ಬಹಳ ಹೊತ್ತು ನೋಡುತ್ತ ಕುಳಿತೆ. ಬೇರೆಯಾಗಿರುವುದು ‘ನನಗೆ’ ಎಂಬುದಷ್ಟೇ.

ಕಲಿಯುವುದಕ್ಕೆ ಇರುವ ದೊಡ್ಡ ಅಡ್ಡಿ ವಯಸ್ಸಲ್ಲ, ಎದುರಿನವರ ಸೌಜನ್ಯ. ಕಾಕನ ಮಗ, ಈಗ ಅವರೂ ಅರವತ್ತು ದಾಟಿದವರು, ನಾನು ಬ್ಯಾರಿಯಲ್ಲಿ ಬಾಯಿ ತೆರೆದ ಕೂಡಲೇ ತುಳುವಿನಲ್ಲಿ ಉತ್ತರ ಕೊಡುತ್ತಾರೆ. ಅವರಿಗೆ ಅದು ಮರ್ಯಾದೆ. ಬಂದವರಿಗೆ ಕಷ್ಟವಾಗಬಾರದೆಂದು ತಲೆಮಾರುಗಳಿಂದ ರೂಢಿಸಿಕೊಂಡ ನಡತೆ. ‘ಈರೆಗ್ ದಾಯೆಗ್ ಈ ಬಂಙ’ ಎಂದು ಅವರು ಮೊದಲ ಸಲ ಕೇಳಿದರು, ನಿಮಗೆ ಯಾಕೆ ಈ ಕಷ್ಟ ಎಂದು. ನಾನು ಬ್ಯಾರಿಯಲ್ಲಿ ಕೇಳುವುದು, ಅವರು ತುಳುವಿನಲ್ಲಿ ಹೇಳುವುದು, ಹೀಗೆ ಸುಮಾರು ಒಂದು ವರ್ಷ ನಡೆಯಿತು. ಅವರ ಭಾಷೆಯನ್ನು ನಾನು ಪರೀಕ್ಷಿಸುತ್ತಿರುವಂತೆ ಅವರಿಗೆ ಅನ್ನಿಸೀತೇ ಎಂಬ ಅಳುಕೂ ನನಗಿತ್ತು. ಆದರೂ ಬಿಡಲಿಲ್ಲ. ಅಂಗಡಿಯಲ್ಲಿ ಜನವಿಲ್ಲದ ಮಧ್ಯಾಹ್ನಗಳನ್ನು ನೋಡಿಕೊಂಡು ಹೋಗುತ್ತಿದ್ದೆ, ಅವರ ಮೊಮ್ಮಕ್ಕಳು ಶಾಲೆಯಿಂದ ಬಂದು ಅಜ್ಜನೊಡನೆ ಆಡುವ ಮಾತನ್ನು ಕಿವಿಗೊಟ್ಟು ಕೇಳುತ್ತಿದ್ದೆ.

ಕಳೆದ ಮಳೆಗಾಲ ಮುಗಿಯುತ್ತ ಬಂದಾಗ ಹಳೆ ಅಡಿಕೆಯ ಎರಡು ಗೋಣಿ ತೆಗೆದುಕೊಂಡು ಹೋಗಿದ್ದೆ. ಅವರು ಹುಡುಗನಿಗೆ ಚಹಾ ತರಲು ಹೇಳಿ, ನನಗೂ ಬೇಕೇ ಎಂದು ಕಣ್ಣಿನಲ್ಲೇ ಕೇಳಿದರು. ನನಗೂ ಒಂದು ಎನ್ನಲು ಹೊರಟು ಬಾಯಿತಪ್ಪಿ ‘ಎಂಕ್’ ಎಂದೆ.

‘ನಕ್ಕ್’ ಎಂದು ತಿದ್ದಿದರು ಅವರು, ಕೈಯಲ್ಲಿದ್ದ ಅಡಿಕೆಯಿಂದ ಕಣ್ಣೆತ್ತದೆ. ಆಮೇಲೆ ಬ್ಯಾರಿಯಲ್ಲಿಯೇ, ಎರಡನೆಯ ಗೋಣಿಯನ್ನು ತಕ್ಕಡಿಗೆ ಇಡುವಂತೆ ನನಗೆ ಹೇಳಿದರು.